ಹಿಡಿಯೊಳಗಿನ ಕಬ್ಬಿಣ

ಚೆಟ್ಟಳ್ಳಿ ಸುತ್ತಿನ ಎಸ್ಟೇಟ್ ಆಳುಗಳ ಲೈನ್ ಮನೆಗಳಲ್ಲಿ ಯಾರಾದರೂ ಹೊಸ ಕತ್ತಿ ತಂದರೆ, ಕುಂಕುಮ ಹಚ್ಚುವ ಮೊದಲು ಅದನ್ನು ಶಾಂತಪ್ಪನಿಗೆ ತೋರಿಸುತ್ತಿದ್ದರು. ಹುಟ್ಟಿದ ಮಗುವಿನ ಮುಖವನ್ನು ಮನೆಯ ಅಜ್ಜಿಗೆ ತೋರಿಸಿದ ಹಾಗೆ. ಶಾಂತಪ್ಪ ಕೊಡ್ಲಿಪೇಟೆ ಕಡೆಯವನು, ಮರ ಕಪಾತಿನ ಆಳು. ಕಾಫಿಗೆ ನೆರಳಾಗಿ ನಿಂತ ಮರಗಳನ್ನು ಮಳೆಗಾಲ ಹಿಡಿಯುವ ಮುಂಚೆ ಹತ್ತಿ, ಹೆಚ್ಚಿನ ರೆಂಬೆ ಸವರಿ, ಗಿಡಕ್ಕೆ ಬೆಳಕು ಬಿಡುವ ಕೆಲಸ ಅದು. ನೆಲದ ಮೇಲೆ ನಿಂತವನ ಕತ್ತಿ ಕೈಕೊಟ್ಟರೆ ಬೆರಳು ಹೋದೀತು. ಮರದ ಮೇಲಿದ್ದವನ ಕತ್ತಿ ಕೈಕೊಟ್ಟರೆ ಆಳೇ ಹೋದಾನು. ಹಾಗಾಗಿ ನೋಡಿ ಕೊಡುವವನೊಬ್ಬ ಬೇಕಿತ್ತು, ಆ ಒಬ್ಬ ಶಾಂತಪ್ಪನಾಗಿದ್ದ.

ನೋಡುವುದಕ್ಕೂ ಅವನದೊಂದು ಕ್ರಮವಿತ್ತು. ತಂದವರು ಕತ್ತಿಯನ್ನು ಗೋಣಿಚೀಲದ ಮೇಲೆ ಇಡಬೇಕು. ಕೈಯಿಂದ ಕೈಗೆ ಕತ್ತಿ ದಾಟಿದರೆ ಜೊತೆಗೆ ಜಗಳವೂ ದಾಟುತ್ತದಲ್ಲ. ಆಮೇಲೆ ಇವನು ಎತ್ತಿಕೊಂಡು, ಒಂದು ಕಣ್ಣು ಮುಚ್ಚಿ ಅಲಗಿನ ನೇರ ನೋಡಿ, ಉಗುರಿನಿಂದ ಒಂದು ಸಲ ಮೀಟಿ ಕಿವಿಯ ಹತ್ತಿರ ಹಿಡಿಯುತ್ತಿದ್ದ. ಸದ್ದು ಪೂರ್ತಿ ಆರುವವರೆಗೂ ಯಾರೂ ಕೆಮ್ಮುವ ಹಾಗಿರಲಿಲ್ಲ. ಕೊನೆಗೆ "ಆಗ್ತದೆ" ಅಂತ ಒಂದೇ ಮಾತು. ಇಲ್ಲದಿದ್ದರೆ, "ಇದು ಹಲಸಿನಕಾಯಿಗೆ ಸರಿ."

ಹೋದ ವರ್ಷದ ಕಪಾತಿನಲ್ಲಿ ಅವನು "ಆಗ್ತದೆ" ಎಂದ ಕತ್ತಿಯೊಂದು ಆಗಲಿಲ್ಲ. ಅದು ಸಂತೆಯಲ್ಲಿ ಕೊಂಡದ್ದು. ನೇರ ಚೆನ್ನಾಗಿತ್ತು, ಸದ್ದೂ ಚೆನ್ನಾಗಿತ್ತು. ಅವನ ಜೋಡಿಯಾಳು, ಚಿಕ್ಕ ಎಂಬವನು, ಅದನ್ನು ಹಿಡಿದು ಹಾಲುವಾಣದ ಮರ ಹತ್ತಿದ್ದ. ಮೂರನೆಯ ರೆಂಬೆಗೆ ಬೀಸಿದಾಗ ಕಬ್ಬಿಣ ಹಿಡಿಯಿಂದ ಕಳಚಿಕೊಂಡು ಹಾರಿತು. ಬೀಸಿದ ರಭಸ ಮಾತ್ರ ಚಿಕ್ಕನ ಕೈಯಲ್ಲಿ ಉಳಿಯಿತು, ಅದು ಅವನನ್ನೂ ಎಳೆದುಕೊಂಡು ಹೋಯಿತು. ಕಾಫಿ ಗಿಡದ ಮೇಲೆ ಬಿದ್ದು ಅಲ್ಲಿಂದ ಚರಂಡಿಗೆ ಉರುಳಿದ್ದರಿಂದ ಜೀವ ಉಳಿಯಿತು, ಸೊಂಟ ಉಳಿಯಲಿಲ್ಲ. ಆಮೇಲೆ ನೋಡಿದರೆ ಹಿಡಿಯ ಮರದೊಳಗೆ ಹೊಕ್ಕಿದ್ದ ಕಬ್ಬಿಣ ಎರಡು ಬೆರಳಿನಷ್ಟು. ಉಳಿದದ್ದು ಟೊಳ್ಳು, ಮೇಲೆ ಪಾಲಿಶ್.

ಅವತ್ತಿನಿಂದ ಶಾಂತಪ್ಪನಿಗೆ ಏನೂ ತಟ್ಟುವುದು ನಿಂತುಹೋಯಿತು. ಅಳಲಿಲ್ಲ, ಕುಡಿಯಲಿಲ್ಲ, ಯಾರ ಮೇಲೂ ಹಾರಾಡಲಿಲ್ಲ. ಮಳೆಗಾಲದಲ್ಲಿ ಕಾಲಿಗೆ ಜಿಗಣೆ ಹತ್ತಿದರೆ ಕೀಳದೆ ನೋಡುತ್ತ ಕೂರುತ್ತಿದ್ದ. ಅದು ಹೊಟ್ಟೆ ತುಂಬಿ ತಾನಾಗಿ ಬೀಳುತ್ತಿತ್ತು, ಇವನು ಎದ್ದು ಕೆಲಸಕ್ಕೆ ಹೋಗುತ್ತಿದ್ದ. "ಇವರ ಹತ್ರ ಮಾತಾಡೋದೂ ಒಂದೇ, ನೀರಿನ ಹಂಡೆ ಹತ್ರ ಮಾತಾಡೋದೂ ಒಂದೇ. ಹಂಡೆ ಆದ್ರೆ ಬಡಿದ್ರೆ ಸದ್ದು ಮಾಡ್ತದೆ" ಎಂದು ಹೆಂಡತಿ ಆಶಾರಾಣಿ ನಲ್ಲಿಯ ಹತ್ತಿರ ಹೇಳಿಕೊಂಡಳು. ಮರ ಹತ್ತುವುದನ್ನು ಬಿಟ್ಟ, ಕತ್ತಿ ನೋಡುವುದನ್ನೂ ಬಿಟ್ಟ. ಬೇಲಿ ಕೆಲಸ ಕೊಟ್ಟರೆ ಬೇಲಿ, ಗೊಬ್ಬರ ಕೊಟ್ಟರೆ ಗೊಬ್ಬರ.

ಈ ವರ್ಷ ಮತ್ತೆ ಕಪಾತಿನ ಕಾಲ ಬಂತು. ಐದು ಜನ ಹತ್ತುವವರು, ಐದೂ ಜನ ಹಳೆಯ ಕತ್ತಿ ಮುಟ್ಟಲು ತಯಾರಿಲ್ಲ. ಅದೇ ಹೊತ್ತಿಗೆ ಲೈನಿನ ಕೊನೆಯ ಮನೆಯ ಮಾನ್‌ಬೀರ್ ರಜೆ ಮುಗಿಸಿ ನೇಪಾಳದಿಂದ ವಾಪಸು ಬಂದ. ಆರು ವರ್ಷದಿಂದ ಇಲ್ಲೇ ಇರುವವನು, ಕುಲಕಸುಬಿನಲ್ಲಿ ಕಮ್ಮಾರರ ಮನೆಯವನು. ತಗಡಿನ ಟ್ರಂಕಿನಲ್ಲಿ ಬಟ್ಟೆಯ ಕೆಳಗೆ ಅವರ ಕಡೆಯ ಬಾಗುಗತ್ತಿ, ಆರು ಕುಕ್ರಿ ತಂದಿದ್ದ, ಅವನ ಅಣ್ಣ ಲಾರಿಯ ಸ್ಪ್ರಿಂಗ್ ಪಟ್ಟಿ ಕಾಯಿಸಿ ಬಡಿದು ಮಾಡಿದ್ದು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕೀರ್ತಿಕುಮಾರ್ ನೋಡಿದವನೇ ಫೋನಿನಲ್ಲಿ ಹತ್ತು ಫೋಟೋ ತೆಗೆದ. "ಗೋಡೆಗೆ ಹಾಕ್ಲಿಕ್ಕೆ ಎಷ್ಟು ಚೆಂದ ಮಾರಾಯ! ಆರೂ ಎಸ್ಟೇಟಿಗೇ ತಗೊಳ್ಳುವ" ಎಂದ. ಆದರೆ ಹತ್ತುವವರು ತಲೆಯಾಡಿಸಿದರು. ಶಾಂತಣ್ಣ ನೋಡಿ ಹೇಳಲಿ, ಆಮೇಲೆ.

"ಬೀಳಿಸಿದವನ ಮಾತೇ ಬೇಕಾ ನಿಮಗೆ?" ಎಂದ ಶಾಂತಪ್ಪ, ಕರೆಯಲು ಬಂದವರಿಗೆ.

"ಬಿದ್ದವನೇ ಕರ್ಕೊಂಡು ಬಾ ಅಂದಿದ್ದಾನೆ" ಎಂದರು ಅವರು.

ಹೋದ. ಚಿಕ್ಕ ತನ್ನ ಮನೆಯ ಜಗಲಿಯಲ್ಲಿ ಹಗ್ಗದ ಮಂಚದ ಮೇಲೆ ಕೂತಿದ್ದ. ಅಂಗಳದಲ್ಲಿ ಗೋಣಿಚೀಲ ಹಾಸಿ ಆರು ಕುಕ್ರಿ ಸಾಲಾಗಿ ಇಟ್ಟಿದ್ದರು.

"ಬಂದ್ರಪ್ಪಾ ಕತ್ತಿಗೆ ಜಾತಕ ಬರೆಯೋರು!" ಚಿಕ್ಕ ಕೂಗಿದ. "ಈ ಸಲ ಗ್ರಹಗತಿ ಸರಿಯಾಗಿ ನೋಡಣ್ಣ. ಹೋದ ಸಲ ಶನಿ ಹಿಡಿಯೊಳಗೇ ಕೂತಿದ್ದ."

ಎಲ್ಲರೂ ನಕ್ಕರು, ಶಾಂತಪ್ಪನಿಗೆ ನಗು ಬರಲಿಲ್ಲ, ನೋವೂ ಆಗಲಿಲ್ಲ. ಕುಕ್ಕರಗಾಲಲ್ಲಿ ಕೂತು ಒಂದನ್ನು ಎತ್ತಿಕೊಂಡ. ಮುಂಗೈಯ ಉದ್ದದ ಅಲಗು, ನಡುವಿನಲ್ಲಿ ಮುಂದಕ್ಕೆ ಬಾಗಿದ್ದು. ತೂಕವೆಲ್ಲ ಆ ಬಾಗಿನ ಆಚೆಗೆ, ತೆನೆ ಭಾರಕ್ಕೆ ದಂಟು ಬಗ್ಗಿದ ಹಾಗೆ. ಹಿಡಿಯ ಹತ್ತಿರ ಅಲಗಿನಲ್ಲಿ ಒಂದು ಕಚ್ಚು. ಒರೆಯ ಹಿಂದೆ ಎರಡು ಮರಿಚಾಕು ಸಿಕ್ಕಿಸಿದ್ದವು, ಒಂದು ಹರಿತ, ಒಂದು ಮೊಂಡು.

"ದಾಜು," ಎಂದ ಮಾನ್‌ಬೀರ್. ಅವರ ಮಾತಿನಲ್ಲಿ ಅಣ್ಣ ಎಂದು. "ಮೊಂಡು ಚಾಕು ಕೊಯ್ಲಿಕ್ಕೆ ಅಲ್ಲ. ದೊಡ್ಡದರ ಬಾಯಿ ತಿದ್ದಲಿಕ್ಕೆ. ಈ ಕಚ್ಚು ಇದೆಯಲ್ಲ, ಕಡಿದ ಮರದ ಹಾಲು ಇಲ್ಲಿಂದ ಕೆಳಗೆ ಬೀಳ್ತದೆ. ಹಿಡಿಗೆ ಬರೋದಿಲ್ಲ, ಕೈ ಜಾರೋದಿಲ್ಲ."

"ಹೂಂ" ಎಂದ ಶಾಂತಪ್ಪ. ನೇರ ನೋಡಿದ. ಉಗುರಿನಿಂದ ಮೀಟಿದ. ಸದ್ದು ಬಂತು, ಉದ್ದವಾಗಿ, ತೆಳ್ಳಗೆ. ಒಂದು ಕಾಲದಲ್ಲಿ ಇಂಥ ಸದ್ದಿಗೆ ಅವನ ಮೈಮೇಲಿನ ಕೂದಲು ನಿಲ್ಲುತ್ತಿತ್ತು. ಈಗ ಅದು ಯಾರದೋ ಮನೆಯ ತಟ್ಟೆ ಬಿದ್ದ ಹಾಗೆ ಕೇಳಿಸಿತು. ಇದು ಒಳ್ಳೆಯ ಕತ್ತಿ ಎಂದು ತಲೆಗೆ ಗೊತ್ತು. ಕೈ ಮಾತ್ರ ಏನನ್ನೂ ಹೇಳುತ್ತಿಲ್ಲ. ಐದು ಜನ ಅವನ ಬಾಯಿಯನ್ನೇ ನೋಡುತ್ತಿದ್ದರು. ಅವನು ಆಗ್ತದೆ ಅಂದರೆ ನಾಳೆ ಬೆಳಿಗ್ಗೆ ಅವರು ಮರದ ಮೇಲಿರುತ್ತಾರೆ.

"ಹಿಡಿಯೊಳಗೆ ಕಬ್ಬಿಣ ಎಷ್ಟು ಉದ್ದ ಇದೆ?"

"ಪೂರಾ ಇದೆ ದಾಜು. ಇಲ್ಲಿ ನೋಡು, ಹಿಂದೆ ಹಿತ್ತಾಳೆ ಬಿಲ್ಲೆ, ನಡುವೆ ಕಬ್ಬಿಣದ ತುದಿ. ಬಡಿದು ಕೂರಿಸಿದ್ದು."

"ಈ ಕಡೆ ಕಾಣ್ತದೆ, ಆ ಕಡೆ ಕಾಣ್ತದೆ. ನಡುವೆ ಕಾಣಲ್ಲ."

"ನಡುವೆ ದೇವರು ಕೂಡ ನೋಡೋದಿಲ್ಲ!" ಎಂದ ಕೀರ್ತಿಕುಮಾರ್. "ಹೂಂ ಅನ್ನು ಶಾಂತಪ್ಪ, ನನಗೆ ಪಲ್ಪರ್ ಮಿಷನ್ ರಿಪೇರಿ ನೋಡ್ಲಿಕ್ಕಿದೆ."

ಶಾಂತಪ್ಪ ಮಾನ್‌ಬೀರನ ಹತ್ತಿರ ಆ ಕುಕ್ರಿಯ ಬೆಲೆ ಕೇಳಿದ. ಚೌಕಾಸಿ ಮಾಡದೆ ಅಷ್ಟನ್ನೂ ಕೊಟ್ಟ. ಮಾನ್‌ಬೀರನ ಮುಖ ಅರಳಿತು. ಅಣ್ಣನ ಕೆಲಸವನ್ನು ಮೊದಲು ಕೊಂಡವನು ಕತ್ತಿ ಬಲ್ಲವನೇ ಆಗಿದ್ದ. ಶಾಂತಪ್ಪ ಕುಕ್ರಿಯನ್ನು ಕಲ್ಲಿನ ಮೇಲೆ ಅಡ್ಡ ಇಟ್ಟು, ಕೊಡಲಿ ತರಿಸಿ, ಅದರ ಹಿಂಬದಿಯಿಂದ ಹಿಡಿಯ ಮೇಲೆ ಹೊಡೆದ.

"ದಾಜು! ಬೇಡ! ನನ್ನ ಅಣ್ಣ ಮಾಡಿದ್ದು!"

"ನಾನು ಕೊಂಡಿದ್ದು."

ಎರಡನೆಯ ಏಟಿಗೆ ಮರ ಸೀಳಿತು. ಮಾನ್‌ಬೀರ್ ಬೇರೆ ಕಡೆ ತಿರುಗಿ ನಿಂತ. ಚಿಕ್ಕ ಮಾತ್ರ ಮಂಚದಿಂದ ಬಗ್ಗಿ ನೋಡುತ್ತಿದ್ದ. ಕಬ್ಬಿಣವನ್ನು ಹಿಡಿಗೆ ಅಂಟಿಸಿದ್ದ ಕರಿಯ ಅರಗಿನ ಚೂರುಗಳು ಉದುರಿದ ಮೇಲೆ ಒಳಗಿನದು ಕಂಡಿತು. ಅಲಗಿನದೇ ಕಬ್ಬಿಣ, ಕಿರುಬೆರಳ ದಪ್ಪ, ಎಲ್ಲೂ ಬೆಸುಗೆಯಿಲ್ಲದೆ ಆ ತುದಿಯವರೆಗೆ ಒಂದೇ ತುಂಡು.

"ಇಲ್ಲಿ ಇಡಣ್ಣ" ಎಂದ ಚಿಕ್ಕ. ಶಾಂತಪ್ಪ ಅದನ್ನು ಮಂಚದ ಮೇಲಿಟ್ಟ. ಚಿಕ್ಕ ಎತ್ತಿಕೊಂಡು, ಬರಿಯ ಕಬ್ಬಿಣವನ್ನು ಮೇಲಿಂದ ಕೆಳಗೆ ಬೆರಳಿನಲ್ಲಿ ಸವರಿದ. "ನಿನ್ನಣ್ಣ ಸುಳ್ಳು ಕೆಲಸ ಮಾಡೋನಲ್ಲ ಕಣೋ ಮಾನ್‌ಬೀರ" ಎಂದ.

"ಹಾಗಾದ್ರೆ ಉಳಿದ ಐದೂ ಸರಿ ಅಂತ ತಗೊಳ್ಳುವ" ಎಂದ ಕೀರ್ತಿಕುಮಾರ್.

"ಇದೊಂದು ಸರಿ ಇತ್ತು" ಎಂದ ಶಾಂತಪ್ಪ. "ಉಳಿದ ಐದರ ಒಳಗೆ ನಾನು ಹೊಕ್ಕು ಬಂದಿಲ್ಲ."

"ಎಲ್ಲ ಒಡೀತೀಯಾ ಮತ್ತೆ? ಒಡೆದ ಮೇಲೆ ಹುಡುಗ್ರು ಎಂಥದ್ರಲ್ಲಿ ಕಡಿಯೋದು, ಹಲ್ಲಲ್ಲಾ?"

"ಒಡೆಯಲ್ಲ. ದಿನಕ್ಕೊಂದು ತಗೊಂಡು ನಾನೇ ಮರ ಹತ್ತಿ ಕಡೀತೀನಿ. ಸಂಜೆವರೆಗೆ ತಾಳಿದ್ರೆ ಅದು ಅವ್ರಿಗೆ."

"ಬಿದ್ರೆ?"

"ಬಿದ್ರೆ ಆ ಕತ್ತಿ ಬೇಡ ಅಂತ ಬರ್ಕೊಳ್ಳಿ."

ಅವನು ಅದನ್ನು ಗೊಬ್ಬರದ ಮೂಟೆ ಎಣಿಸಿ ಹೇಳುವ ದನಿಯಲ್ಲಿ ಹೇಳಿದ. ಅದಕ್ಕೇ ಯಾರೂ ನಗಲಿಲ್ಲ. ಚಿಕ್ಕ ಕೋಲು ಹುಡುಕಿ ಎದ್ದು ನಿಂತ. ಸೊಂಟ ಹೋದ ಮೇಲೆ ಅವನು ಎದ್ದು ನಿಲ್ಲುವುದೆಂದರೆ ಮನೆಯವರೆಲ್ಲ ಕೆಲಸ ಬಿಟ್ಟು ನೋಡುವ ಸಂಗತಿ. "ಹಗ್ಗ ನಾನು ಹಿಡೀತೀನಿ" ಎಂದ. "ನನ್ನನ್ನ ಜೀಪಲ್ಲಿ ಮರದ ಬುಡಕ್ಕೆ ಹಾಕಿ. ಸೊಂಟ ಸತ್ತಿರೋದು, ಕೈಯಲ್ಲ."

ಹಾಗೆ ಶುರುವಾಯಿತು. ಬೆಳಿಗ್ಗೆ ಶಾಂತಪ್ಪ ಸೊಂಟಕ್ಕೆ ಹಗ್ಗ ಬಿಗಿದು ಒಂಟಿ ಬಿದಿರಿನ ಏಣಿ ಹತ್ತುತ್ತಿದ್ದ. ಹಗ್ಗ ಮೇಲಿನ ಕವೆಯನ್ನು ದಾಟಿ ಕೆಳಗಿಳಿದು, ಬುಡಕ್ಕೆ ಒಂದು ಸುತ್ತು ಹಾಕಿ ಚಿಕ್ಕನ ಕೈ ಸೇರುತ್ತಿತ್ತು. ಮೊದಲ ದಿನದ ಕುಕ್ರಿ ಒಂದೇ ಏಟಿಗೆ ತೊಡೆಯ ದಪ್ಪದ ಹಾಲುವಾಣದ ರೆಂಬೆಯೊಳಗೆ ಅರ್ಧದವರೆಗೆ ಇಳಿಯಿತು. ಕೆಳಗಿದ್ದವರು "ಓ!" ಎಂದರು. ಶಾಂತಪ್ಪ ಮುಂದಿನ ರೆಂಬೆಗೆ ಹೋದ. ಎತ್ತರ ಅವನನ್ನು ಹೆದರಿಸಲಿಲ್ಲ, ಗಾಳಿ ತಂಪೆನಿಸಲಿಲ್ಲ. ಸಂಜೆ ಇಳಿದು ಕತ್ತಿಯನ್ನು ಗೋಣಿಚೀಲದ ಮೇಲಿಟ್ಟು "ಸರಿ ಇದೆ" ಎಂದ. ಎರಡನೆಯ ದಿನವೂ ಹಾಗೆಯೇ. ಮೂರನೆಯ ದಿನವೂ.

"ಏನಾದ್ರೂ ಅನ್ಸುತ್ತಾ ಶಾಂತಣ್ಣ, ಮೇಲೆ?" ಚಿಕ್ಕ ಕೇಳಿದ.

"ಇಲ್ಲ."

"ಹೆದರಿಕೆ?"

"ಇಲ್ಲ."

"ಅದೇ ನನಗೆ ಹೆದರಿಕೆ" ಎಂದ ಚಿಕ್ಕ.

ನಾಲ್ಕನೆಯ ದಿನ ಮಧ್ಯಾಹ್ನ, ಬಿಸಿಲು ನೆತ್ತಿಯ ಮೇಲಿತ್ತು. ಶಾಂತಪ್ಪ ಏಳಾಳೆತ್ತರದಲ್ಲಿ ಎರಡು ಕಾಲನ್ನೂ ಕವೆಗೆ ಕೊಟ್ಟು ಬೀಸಲು ಕೈಯೆತ್ತಿದ್ದ. ಹಿಂದಿನ ಏಟಿಗೂ ಈ ಏಟಿಗೂ ನಡುವೆ, ಅಂಗೈಯೊಳಗೆ, ಹಿಡಿ ಒಂದು ಕೂದಲೆಳೆಯಷ್ಟು ಅಲುಗಿತು. ಕಣ್ಣಿಗೆ ಕಾಣುವಂಥದ್ದಲ್ಲ, ಕಿವಿಗೆ ಕೇಳುವಂಥದ್ದೂ ಅಲ್ಲ. ಎತ್ತಿದ ಕೈ ಎತ್ತಿದಲ್ಲೇ ನಿಂತಿತು. ಮೆಲ್ಲನೆ ಇಳಿಸಿ, ಎರಡು ಬೆರಳಲ್ಲಿ ಹಿಡಿಯನ್ನು ಹಿಸುಕಿ ನೋಡಿದ. ಹೌದು. ಒಳಗಿನ ಅರಗು ಬಿಟ್ಟಿತ್ತು.

"ಕೆಳಗಿರೋರು ಸರೀರಿ!" ಎಂದು ಕೂಗಿ, ಜನ ಸರಿದ ಸದ್ದು ಕೇಳಿದ ಮೇಲೆ ಕತ್ತಿಯನ್ನು ದೂರಕ್ಕೆ ಎಸೆದ. ಅದು ತರಗೆಲೆಯ ಮೇಲೆ ಬಿದ್ದ ಸದ್ದು ಬರಲು ಬಹಳ ಹೊತ್ತು ಹಿಡಿದ ಹಾಗಾಯಿತು. ಆಗಲೇ ಅವನು ಮೊದಲ ಸಲ ಕೆಳಗೆ ನೋಡಿದ್ದು. ಚಿಕ್ಕ ಅಂಗೈಯಗಲ ಕಾಣುತ್ತಿದ್ದ. ಶಾಂತಪ್ಪ ಎರಡೂ ಕೈಯಿಂದ ಮರವನ್ನು ತಬ್ಬಿದ. ಹಾಲುವಾಣದ ಮುಳ್ಳು ಕೆನ್ನೆಗೆ ಚುಚ್ಚಿತು. ಚುಚ್ಚಿದ್ದು ಗೊತ್ತಾಯಿತು.

"ಚಿಕ್ಕಾ!" ದನಿ ಅವನದೇ ಎಂದು ಅವನಿಗೇ ನಂಬಿಕೆಯಾಗಲಿಲ್ಲ. "ಚಿಕ್ಕಾ, ಹಗ್ಗ ಬಿಗಿ ಹಿಡಿಯೋ! ನನ್ಕೈಲಿ ಇಳಿಯಕ್ಕೆ ಆಗ್ತಿಲ್ಲ!"

ಹಗ್ಗ ಒಮ್ಮೆಗೇ ಬಿಗಿಯಾಗಿ ಸೊಂಟ ಕಚ್ಚಿತು.

"ಹಿಡಿದಿದ್ದೀನಿ ಕಣಣ್ಣ" ಎಂದ ಚಿಕ್ಕ. "ಅವಸರ ಇಲ್ಲ. ಎಡಗಾಲು ಮೊದ್ಲು."