ತೋಡೂರಿನಲ್ಲಿ ಸದ್ದಿಲ್ಲದ ಪ್ರಾರ್ಥನೆ

ಕಾರವಾರದ ಹತ್ತಿರದ ತೋಡೂರಿಗೆ ಬಂದ ಮೂರನೆಯ ಬೆಳಿಗ್ಗೆ ಮನೆಯೊಡತಿ ದೇವಕಿಯಕ್ಕ ಕೈಯಲ್ಲಿ ಸೌದೆ ಹಿಡಿದು ನಮ್ಮ ಬಾಗಿಲು ಬಡಿದರು. ಮೊಣಕಾಲೂರಿ ಕೂತಿದ್ದವಳು ಎದ್ದು, ಕಣ್ಣೊರೆಸಿಕೊಂಡು ತೆರೆದೆ. ಅವರು ನನ್ನ ಮುಖ, ತೋಳು, ಕುತ್ತಿಗೆ ಎಲ್ಲ ನೋಡಿದರು. ಹಿಂದೆ ನನ್ನ ಗಂಡ ಪ್ರಕಾಶ ಬಾಯಲ್ಲಿ ಬ್ರಷ್ ಇಟ್ಟುಕೊಂಡು ಕಕ್ಕಾಬಿಕ್ಕಿಯಾಗಿ ನಿಂತಿದ್ದ.

"ತಂಗೀ, ಹೆದರ್ಬೇಡ, ಖರೇ ಹೇಳು. ಇಂವ ಹೊಡೀತ್ನಾ?"

ಬೀದರದ ನನ್ನ ಮಂದಿಗೆ ನಗು ಬರಬಹುದು. ನಮ್ಮಲ್ಲಿ ಪ್ರಾರ್ಥನೆ ಅಂದರೆ ಬಾಯಿಬಿಟ್ಟು ಮಾಡುವುದು. ಕೋಳಿ ಕೂಗುವ ಹೊತ್ತಿಗೆ ಹೆಂಗಸರು "ತಂದೇ, ತಂದೇ" ಅಂತ ಅತ್ತು ಕರೆದು, ಮನಸ್ಸು ಹಗುರ ಮಾಡಿಕೊಂಡು ರೊಟ್ಟಿ ಬಡಿಯಲು ಏಳುತ್ತಾರೆ. ಪಕ್ಕದ ಮನೆಯವರು ಮಗ್ಗಲು ಬದಲಿಸಿ ಮಲಗುತ್ತಾರೆ, ಅಷ್ಟೇ. ಇಲ್ಲಿಯವರ ಕಿವಿಗೆ ಅದು ಏಟು ತಿನ್ನುವ ಹೆಂಡತಿಯ ಗೋಳು.

ನನಗಂತೂ ನಗು ಬರಲಿಲ್ಲ. ವೆಲ್ಡಿಂಗ್ ಕೆಲಸಕ್ಕೆ ಬಂದ ಪ್ರಕಾಶ ಕಾರವಾರದಲ್ಲಿ ಹದಿನೈದು ದಿನ ಮನೆ ಹುಡುಕಿದ್ದ. ನಾವು ಕ್ರೈಸ್ತರು ಎಂದು ಹೇಳಿದ ಎರಡು ಕಡೆ, ಮನೆ ನೆಂಟರಿಗೆ ಕೊಟ್ಟಾಗಿದೆ ಎಂಬ ಉತ್ತರ ಬಂತು. ದೇವಕಿಯಕ್ಕ ಏನೂ ಕೇಳಲಿಲ್ಲ. ಸುಜಾತಾ, ಪ್ರಕಾಶ ಎಂಬ ಹೆಸರು ಕೇಳಿ ಸುಮ್ಮನಾದರು, ನಾವೂ ಸುಮ್ಮನಾದೆವು. ಆ ಬೆಳಿಗ್ಗೆ ತಲೆನೋವು ಎಂದುಬಿಟ್ಟೆ. ಪಾಪ, ಶುಂಠಿ ಕಷಾಯ ಮಾಡಿ ತಂದುಕೊಟ್ಟರು.

ಮರುದಿನದಿಂದ ತುಟಿ ಬಿಗಿದು ಪ್ರಾರ್ಥಿಸಿದೆ. ಬಾಯಿ ಮುಚ್ಚಿದರೆ ನನ್ನ ಮನಸ್ಸು ನಿಲ್ಲುವುದಿಲ್ಲ ಎಂದು ಆಗಲೇ ಗೊತ್ತಾದದ್ದು. "ತಂದೇ" ಎನ್ನುವಷ್ಟರಲ್ಲಿ ಮಧ್ಯಾಹ್ನಕ್ಕೆ ಏನು ಸಾರು ಎಂಬ ಯೋಚನೆ. ಅಂಗಳದಲ್ಲಿ ಹೆಜ್ಜೆ ಕೇಳಿದರೆ ಬೈಬಲ್ ಅಕ್ಕಿ ಡಬ್ಬಿಯ ಹಿಂದೆ ಹೋಗುತ್ತಿತ್ತು. ಈ ಮನೆಯಲ್ಲಿ ಪಾಲಿರುವ ದೇವಕಿಯಕ್ಕನ ಮೈದುನನಿಗೆ ತಿಳಿದರೆ ಗಂಟುಮೂಟೆ ಕಟ್ಟಬೇಕು ಎಂಬ ಹೆದರಿಕೆ ಎದೆ ಬಿಟ್ಟು ಇಳಿಯಲೇ ಇಲ್ಲ. ಭಾನುವಾರ ಕಾರವಾರದ ಚರ್ಚಿಗೆ ಹೋಗುತ್ತಿದ್ದೆವು. ಅಲ್ಲಿ ಆರಾಧನೆಗೆ ಮೀಸ್ ಅನ್ನುತ್ತಾರೆ, ಎಲ್ಲ ಕೊಂಕಣಿ. ಜನ ಒಳ್ಳೆಯವರು, ಆದರೆ ಎಷ್ಟು ಶಿಸ್ತು, ಎಷ್ಟು ಮೆಲುದನಿ!

ಉಳಿದದ್ದೆಲ್ಲ ಕಲಿತೆ. ಜೋಳದ ರೊಟ್ಟಿ ಬಿಟ್ಟು ಪೇಜ ಕುಡಿದೆ. ಪೇಜ ಅಂದರೆ ಕುಚ್ಚಲಕ್ಕಿ ಗಂಜಿ. ಬಂಗಡೆ ಮೀನಿನ ಮುಳ್ಳು ಬಿಡಿಸುವುದನ್ನು ದೇವಕಿಯಕ್ಕ ಬೈದು ಬೈದು ಕಲಿಸಿದರು. ಅವರು ನನ್ನ ಮೇಲೆ ಪ್ರೀತಿ ಇಟ್ಟಷ್ಟೂ ನನ್ನ ಭಯ ಹೆಚ್ಚಿತು, ಕಳೆದುಕೊಳ್ಳಲು ಈಗ ಮನೆಯೊಂದೇ ಅಲ್ಲ, ಅವರೂ ಇದ್ದರಲ್ಲ.

ಆರನೆಯ ತಿಂಗಳಲ್ಲಿ ಪ್ರಕಾಶನ ಎಡಗಣ್ಣಿಗೆ ಕಬ್ಬಿಣದ ಚೂರು ಸಿಡಿಯಿತು. ಬೆವರು ಒರೆಸಲು ಕನ್ನಡಕ ಮೇಲೆತ್ತಿದ ಒಂದು ಗಳಿಗೆ ಸಾಕಾಯಿತು. ಡಾಕ್ಟರು ಚೂರು ತೆಗೆದು ಪಟ್ಟಿ ಕಟ್ಟಿ, ದೃಷ್ಟಿ ಉಳಿಯುತ್ತದೋ ಇಲ್ಲವೋ ಎರಡು ದಿನ ಕಾಯಬೇಕು ಎಂದರು. ಆಸ್ಪತ್ರೆಗೆ ಅವನ ಬಟ್ಟೆ ಒಯ್ಯಲು ಮಧ್ಯಾಹ್ನ ಮನೆಗೆ ಬಂದೆ. ಅಂಗಿ ಮಡಚುತ್ತ ಕೂತವಳಿಗೆ ತಡೆಯಲಾಗಲಿಲ್ಲ. ಆರು ತಿಂಗಳು ನುಂಗಿದ್ದೆಲ್ಲ ಒಮ್ಮೆಗೇ ಹೊರಬಂತು. ಯೇಸುವನ್ನು ಹೆಸರು ಹಿಡಿದು ಕೂಗಿದೆ, ಬೈದೆ, ಬೇಡಿದೆ.

ಕಣ್ಣು ಬಿಟ್ಟಾಗ ದೇವಕಿಯಕ್ಕ ಹೊಸ್ತಿಲಲ್ಲಿದ್ದರು. ಇನ್ನೇನು ಮುಚ್ಚಿಡುವುದು? ನಾವು ಕ್ರೈಸ್ತರು, ಇದು ನಮ್ಮ ಪ್ರಾರ್ಥನೆ, ಅವತ್ತು ತಲೆನೋವು ಎಂದದ್ದು ಸುಳ್ಳು, ಹೋಗು ಅಂದರೆ ಹೋಗುತ್ತೇವೆ, ಅವನ ಕಣ್ಣು ವಾಸಿಯಾಗುವವರೆಗೆ ಇಟ್ಟುಕೊಳ್ಳಿ ಎಂದೆ.

ಅವರು ಹೊಸ್ತಿಲಲ್ಲೇ ಕೂತರು. ನೌಕಾನೆಲೆಗೆಂದು ಸರ್ಕಾರ ತಮ್ಮ ಹಳೆಯ ಊರಿನ ಜಾಗ ತೆಗೆದುಕೊಂಡಾಗ ತುಳಸಿಕಟ್ಟೆಯನ್ನೂ ಬಿಟ್ಟು ಎದ್ದು ಬಂದವರು ತಾವು, ಅವತ್ತು ತಾನೂ ಹೀಗೇ ಕೂಗಿದ್ದೆ ಎಂದರು. ಹೊರಗೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ಕೂಗು ತಂಗೀ. ಬ್ಯಾಡ ಅಂತ ನಾ ಹೇಳೂದಿಲ್ಲ. ಆದ್ರೆ ಮೈದುನ ಮನೇಲಿ ಇಲ್ದಾಗ ಕೂಗು. ಅವಂಗೆ ಹೇಳೂಕೆ ನಂಗೂ ಧೈರ್ಯ ಇಲ್ಲ."

ಕಣ್ಣು ಉಳಿಯಿತು. ಸ್ವಲ್ಪ ಮಂಜು ಮಂಜು, ಆದರೂ ಉಳಿಯಿತು. ಮೈದುನ ಬೈಕು ಹತ್ತಿ ಹೋದ ಮೇಲೆ ದೇವಕಿಯಕ್ಕ ಹಿತ್ತಲಿಂದ ಕೆಮ್ಮುತ್ತಾರೆ. ಆಗ ನಾನು ಮೊಣಕಾಲೂರುತ್ತೇನೆ, ಒಂದು ಕಿವಿ ರಸ್ತೆಯ ಕಡೆಗಿಟ್ಟು. ಅಷ್ಟಕ್ಕೇ ನನ್ನ ದೇವರಿಗೂ ಆ ತಾಯಿಗೂ ಋಣಿ.

ಕ್ರಿಸ್ಮಸ್ಸಿಗೆ ಬೀದರಕ್ಕೆ ಹೋಗಿದ್ದೆ. ತವರಿನ ಪಡಸಾಲೆಯಲ್ಲಿ ಅವ್ವ, ಚಿಕ್ಕಮ್ಮಂದಿರು ಎಲ್ಲ ಸೇರಿ ಮೊಣಕಾಲೂರಿ ಒಟ್ಟಿಗೆ ದನಿಯೆತ್ತಿದರು. ಎಷ್ಟು ದಿನದಿಂದ ಕಾದಿದ್ದೆ ಆ ಗದ್ದಲಕ್ಕೆ! ನಾನೂ ಬಾಯಿ ತೆರೆದೆ. ತೆರೆದವಳು ತಟ್ಟನೆ ಎದ್ದುಹೋಗಿ, ಮುಂಬಾಗಿಲ ಅಗಳಿ ಹಾಕಿ ಬಂದೆ.