ಗಂಗಣ್ಣನ ಎಡೆಗೆ ದಿಲ್‌ಪಸಂದ್

ದಿಲ್‌ಪಸಂದನ್ನು ಗುಟ್ಟಾಗಿ ತಿನ್ನುವುದು ಮನುಷ್ಯಮಾತ್ರದವರಿಂದ ಆಗುವ ಕೆಲಸವಲ್ಲ. ಲಾಡನ್ನು ಒಂದೇ ಗುಕ್ಕಿಗೆ ಗುಳುಂ ಮಾಡಬಹುದು, ಜಿಲೇಬಿ ತಿಂದ ಕೈ ತೊಳೆದು ಸಾಕ್ಷ್ಯನಾಶ ಮಾಡಬಹುದು. ಆದರೆ ಬೇಕರಿಯ ಈ ಕೊಬ್ಬರಿ ತುಂಬಿದ ಸುಂದರಿ ಮೀಸೆ, ಅಂಗಿ, ಮಡಿಲು ಎನ್ನದೆ ಪುಡಿ ಉದುರಿಸಿ, ತಿಂದವನ ಚಾರಿತ್ರ್ಯವನ್ನು ಊರಿಗೆಲ್ಲ ಸಾರಿಬಿಡುತ್ತಾಳೆ. ಈ ಶಾಸ್ತ್ರದಲ್ಲಿ ನನಗಿರುವ ಅಲ್ಪಸ್ವಲ್ಪ ಪಾಂಡಿತ್ಯಕ್ಕೆ ಗುರುವೂ ಸಹಪಾಠಿಯೂ ಚೇಳೂರಿನ ಗಂಗಣ್ಣನೇ.

ಗುಬ್ಬಿಯ ಕಾಲೇಜಿನಲ್ಲಿ ನಾನು ಕನ್ನಡ ಮೇಷ್ಟ್ರು, ಅದೇ ಊರಿನ ಕಚೇರಿಯೊಂದರಲ್ಲಿ ಅವನು ಗುಮಾಸ್ತ. ಸಂಜೆ ನಾನು ತುಮಕೂರಿನ ಬಸ್ಸಿಗೂ ಅವನು ಚೇಳೂರಿನ ಬಸ್ಸಿಗೂ ಕಾಯುವ ಪುಣ್ಯಕಾಲದಲ್ಲಿ ಬೇಕರಿಯ ಬೆಂಚು ನಮ್ಮದು. ಗಂಗಣ್ಣನಿಗೆ ಸಕ್ಕರೆ ಕಾಯಿಲೆ. ಮನೆಯಲ್ಲಿ ಹೆಂಡತಿ ರತ್ನಮ್ಮ, ಕುಣಿಗಲ್ ಕಡೆಯ ಗಟ್ಟಿಗಿತ್ತಿ, ಹಾಗಲಕಾಯಿ ರಸದ ಬಲದಿಂದ ರಾಜ್ಯಭಾರ ನಡೆಸುತ್ತಿದ್ದರು. ತೋಟದ ತುಂಬ ತೆಂಗಿರುವಾಗ ದುಡ್ಡು ಕೊಟ್ಟು ಕೊಬ್ಬರಿ ತಿನ್ನುತ್ತೀಯಲ್ಲೋ ಎಂದು ನಾನು ಛೇಡಿಸಿದರೆ, "ಮನೇದು ಮನೇದೇ, ಕದ್ದಿದ್ದು ಕದ್ದಿದ್ದೇ ಬುಡಿ ಮೇಷ್ಟ್ರೇ" ಎನ್ನುತ್ತ ಮೀಸೆ ಒರೆಸಿಕೊಳ್ಳುತ್ತಿದ್ದ. ಬಸ್ಸು ಹತ್ತುವ ಮುಂಚೆ ಅವನ ಅಂಗಿ ಕೊಡವಿ, ನಿರ್ದೋಷಿಯೆಂದು ಪ್ರಮಾಣೀಕರಿಸಿ ಕಳಿಸುವುದು ನನ್ನ ಕರ್ತವ್ಯವಾಗಿತ್ತು.

ಕೊನೆಗೆ ಅವನನ್ನು ಕರೆದೊಯ್ದದ್ದು ಸಕ್ಕರೆಯಲ್ಲ, ಹೆದ್ದಾರಿಯ ಒಂದು ಲಾರಿ. ಶ್ರದ್ಧಾಂಜಲಿ ಸಭೆಗಳಲ್ಲಿ ಸಮಾಸಭೂಯಿಷ್ಠವಾಗಿ ಗಂಟೆಗಟ್ಟಲೆ ಶೋಕಿಸಬಲ್ಲ ನಾನು, ರತ್ನಮ್ಮನವರ ಮುಂದೆ ಕೂತಾಗ "ಈ ಸಲ ಬಿಸಿಲು ಜಾಸ್ತಿ" ಎಂದಷ್ಟೇ ಹೇಳಿ ಎದ್ದುಬಂದೆ. ಉಳಿದವರು ದೇವರ ಇಚ್ಛೆ, ಹಣೆಬರಹ ಎಂದೆಲ್ಲ ಹೇಳಿದರು. ಗಂಗಣ್ಣನ ಹೆಸರನ್ನು ಮಾತ್ರ ಯಾರೂ ಎತ್ತಲಿಲ್ಲ. ಎತ್ತಿದರೆ ಆಕೆ ಅತ್ತಾರೆಂಬ ಭಯ. ಆಕೆ ಹೇಗೂ ಅಳುತ್ತಲೇ ಇದ್ದರು.

ಮೊನ್ನೆ ಮಹಾಲಯ ಅಮಾವಾಸ್ಯೆಗೆ, ಅವನಿಗೆ ಎಡೆಯಿಡುವ ಮೊದಲ ಹಿರಿಯರ ಹಬ್ಬಕ್ಕೆ, ಚೇಳೂರಿಗೆ ಹೋದೆ. ತೀರಿಹೋದವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯಲ್ಲಿ ಬಡಿಸಿ, ಸಂಕೋಚವಿಲ್ಲದೆ ಉಂಡುಹೋಗಲಿ ಎಂದು ಬಾಗಿಲು ಮುಚ್ಚಿ, ಮನೆಯವರು ಸ್ವಲ್ಪ ಹೊತ್ತು ಹೊರಗೆ ಕೂರುವುದು ನಮ್ಮ ಕಡೆಯ ವಾಡಿಕೆ. ಬೀಡಿಯವರಿಗೆ ಬೀಡಿ, ಗುಂಡಿನವರಿಗೆ ಗುಂಡು. ಪಥ್ಯ ಹೇಳುವ ಡಾಕ್ಟರು ಅಲ್ಲಿಗೆ ಬರುವುದಿಲ್ಲ. ರತ್ನಮ್ಮ ಕಜ್ಜಾಯ, ಹೋಳಿಗೆ, ಪಾಯಸ ಎಲ್ಲ ಬಡಿಸಿದ್ದರು. ನಾನು ಚೀಲದಿಂದ ದಿಲ್‌ಪಸಂದಿನ ಪೊಟ್ಟಣ ತೆಗೆದು ಎಲೆಯ ಅಂಚಿನಲ್ಲಿ ಇಟ್ಟೆ.

"ಅಯ್ಯೋ, ಅವ್ರಿಗೆ ಶುಗರ್ ಇತ್ತಲ್ಲ ಮೇಷ್ಟ್ರೇ" ಎಂದ ರತ್ನಮ್ಮ, ತಾವೇ ಪೇರಿಸಿದ ಕಜ್ಜಾಯ ನೋಡಿ ಪೊಟ್ಟಣವನ್ನು ಎಲೆಯ ಒಳಕ್ಕೆ ಸರಿಸಿದರು.

ಬಾಗಿಲು ಮುಚ್ಚಿ ಜಗಲಿಯಲ್ಲಿ ಕೂತೆವು. "ಅಷ್ಟು ವರ್ಷ ಒಂದು ಚೂರು ಸಿಹಿ ಮುಟ್ಟೋಕೆ ಬಿಡ್ಲಿಲ್ಲ ಕಣ್ರೀ. ಕೊನೆಗೆ ನೋಡಿದ್ರೆ ಲಾರಿ ಬಂತು. ಬಾಯಿ ಕಟ್ಟಿಸಿ, ಆಸೆ ಇಟ್ಕೊಂಡೇ ಹೋಗೋ ಹಂಗೆ ಮಾಡ್ಬಿಟ್ಟೆ" ಎಂದು ಸೆರಗು ಬಾಯಿಗೊತ್ತಿಕೊಂಡರು.

ಸತ್ತ ಗೆಳೆಯನ ಗುಟ್ಟು ಕಾಯಬೇಕೋ, ಬದುಕಿರುವ ಅವನ ಹೆಂಡತಿಯ ಸಂಕಟ ಕಳೆಯಬೇಕೋ, ನೀವೇ ಹೇಳಿ. ಮನಸ್ಸಿನಲ್ಲೇ ಗಂಗಣ್ಣನ ಕ್ಷಮೆ ಬೇಡಿ, ಬೇಕರಿ ಪುರಾಣವನ್ನು ಅಂಗಿ ಕೊಡವುವ ಪರ್ವದ ಸಮೇತ ಬಿಚ್ಚಿಟ್ಟೆ.

"ಏನೂ! ನಾನಿಲ್ಲಿ ಹಾಗಲಕಾಯಿ ಅರೀತಿದ್ರೆ ನೀವಿಬ್ರೂ ಅಲ್ಲಿ ಕೂತ್ಕಂಡು...!" ಆಕೆಯ ಕಣ್ಣು ನೋಡಿ, ಇವತ್ತು ಊಟವಿಲ್ಲದೆ ತುಮಕೂರಿನ ಬಸ್ಸು ಹತ್ತುವುದೇ ಗತಿ ಎಂದುಕೊಂಡೆ. ಅಷ್ಟರಲ್ಲಿ ಆಕೆಗೆ ನಗು ಉಕ್ಕಿತು. ನಕ್ಕರು, ಅತ್ತರು, ಮತ್ತೆ ನಕ್ಕರು. "ಕಳ್ಳ! ಅವ್ರು ತಿನ್ನಲ್ಲ ಅಂತ ನಾನೂ ಸಿಹಿ ಬಿಟ್ಟಿದ್ದೆ ಕಣ್ರೀ. ಒಂದಿನಾನಾದ್ರೂ ನಂಗೂ ಒಂದು ತರ್ಬಾರ್ದಿತ್ತಾ?"

"ದಿನಾ ಒಂದು ಹೆಚ್ಚಿಗೆ ಕಟ್ಟಿಸ್ತಿದ್ದ ಕಣಮ್ಮ" ಎಂದೆ. "'ನಮ್ಮ ರತ್ನಂಗೆ ಇದು ಅಂದ್ರೆ ಪ್ರಾಣ' ಅನ್ನೋನು. ಬಸ್ಸು ಬಂದ ತಕ್ಷಣ, ಸಿಕ್ಕಿಬೀಳ್ತೀನಿ ಅಂತ ಹೆದರಿ ನನ್ನ ಕೈಗೆ ತುರುಕೋನು." ಹಾಗೆ ಆಕೆಯ ಪಾಲನ್ನೆಲ್ಲ ತುಮಕೂರಿನಲ್ಲಿ ನನ್ನ ಹೆಂಡತಿ ತಿಂದದ್ದನ್ನೂ ಹೇಳಿದೆ.

ಆಮೇಲೆ ಬಾಗಿಲು ತೆಗೆದೆವು. ಎಡೆಯಲ್ಲಿದ್ದದ್ದನ್ನು ಎಲ್ಲರೂ ಹಂಚಿಕೊಂಡು ಉಣ್ಣುವುದು ರೂಢಿ. ಆಕೆ ಕಜ್ಜಾಯ, ಹೋಳಿಗೆಗಳನ್ನು ನನ್ನ ಎಲೆಗೆ ಧಾರಾಳವಾಗಿ ಬಡಿಸಿ, ಪೊಟ್ಟಣವನ್ನು ಮಾತ್ರ ಪಕ್ಕಕ್ಕೆ ಎತ್ತಿಟ್ಟುಕೊಂಡರು. ಆಸೆಬುರುಕ ನಾನು, ಪ್ರಸಾದದಲ್ಲಿ ನನಗೂ ಒಂದು ತುಂಡು ಬರಬೇಕಲ್ಲ ಎಂದು ಕೈಚಾಚಿದೆ.

"ಇದು ಎಡೇದಲ್ಲ ಬುಡಿ ಮೇಷ್ಟ್ರೇ" ಎಂದರು ರತ್ನಮ್ಮ, ಪೊಟ್ಟಣ ಬಿಚ್ಚುತ್ತ. "ಅವ್ರು ನಂಗೆ ಕಳ್ಸಿರೋದು."