ಮೊದಲನೇ ರುಜು

ಬೈನೆಕೊಪ್ಪದಲ್ಲಿ ಹಸು ಬೇಲಿ ನುಗ್ಗಿದರೂ, ಅಣ್ಣತಮ್ಮಂದಿರು ಪಾಲಾದರೂ ಜನ ಮೊದಲು ಕರೆಯುತ್ತಿದ್ದುದು ಜವರಪ್ಪನನ್ನು. ಯಸಳೂರಿನಿಂದ ಮೂರು ಮೈಲಿ ಒಳಗಿದ್ದ, ಇಪ್ಪತ್ತಾರು ಮನೆಗಳ ಊರು ಅದು. ಜವರಪ್ಪನಿಗೆ ಎರಡೆಕರೆ ಕಾಫಿ, ಒಂದಿಷ್ಟು ಗದ್ದೆ, ಜೊತೆಗೆ ಕಣದ ಆ ತುದಿಯವರೆಗೂ ಕೇಳಿಸುವ ಗಂಟಲು. ನ್ಯಾಯವೆಂದರೆ ಅವನಿಗೆ ಒಂದು ಸಂಜೆಯ ಕೆಲಸ. ಇಬ್ಬರನ್ನೂ ಎದುರುಬದುರು ಕೂರಿಸಿ, ಇಬ್ಬರಿಗೂ ಬೈದು, ಕೊನೆಗೆ "ಸರಿ, ಎಲ್ರೂ ಒಪ್ದಂಗಾಯ್ತು" ಎಂದು ಟವಲ್ ಕೊಡವಿ ಏಳುತ್ತಿದ್ದ. ಒಪ್ಪದವರು ಮನೆಗೆ ಹೋಗಿ ಗೊಣಗಿಕೊಳ್ಳುತ್ತಿದ್ದರು. ಅದು ಅವನ ಕಿವಿಗೆ ಬಿದ್ದಿರಲಿಲ್ಲ.

ತೊಂಬತ್ತೇಳರಲ್ಲಿ ಊರಿಗೆ ಫೋನು ಬರುವ ಮಾತೆದ್ದಿತು. ಯಸಳೂರಿನಿಂದ ತಂತಿ ಎಳೆಯಬೇಕು, ದಾರಿಯಲ್ಲಿ ಒಂಬತ್ತು ಜನರ ತೋಟದಲ್ಲಿ ಕಂಬ ನೆಡಬೇಕು, ಸಿಲ್ವರ್ ಮರಗಳ ಕೊಂಬೆ ಕಡಿಯಬೇಕು. ಆ ಮರಗಳಿಗೆಲ್ಲ ಮೆಣಸಿನ ಬಳ್ಳಿ ಹಬ್ಬಿತ್ತು. ಒಂಬತ್ತೂ ಜನ ಒಪ್ಪಿ ರುಜು ಹಾಕಿದರೆ ಮಾತ್ರ ಕೆಲಸ ಎಂದು ಲೈನ್‌ಮನ್ ಹೇಳಿಹೋದ.

ಜವರಪ್ಪ ಭಾನುವಾರ ಎಲ್ಲರನ್ನೂ ಶಾಲೆಯ ಮುಂದೆ ಸೇರಿಸಿ ಒಂದು ಗಂಟೆ ಮಾತಾಡಿದ. ಯಾರೂ ಎದುರಾಡಲಿಲ್ಲ. ಅವನು ಟವಲ್ ಕೊಡವಿ ಎದ್ದು, ಎಲ್ಲರೂ ಒಪ್ಪಿದ್ದಾರೆ, ರುಜು ಬಂದಾಗ ಹಾಕಿಸಿಕೊಳ್ಳಲಿ ಎಂದು ಲೈನ್‌ಮನ್‌ಗೆ ಹೇಳಿಕಳಿಸಿದ. ಆದರೆ ಬುಧವಾರ ಲೈನ್‌ಮನ್ ಏಣಿ ಹೊತ್ತು ಬಂದರೆ, ಕರಿಯಪ್ಪ ತೋಟದ ಗೇಟಿಗೆ ಬೀಗ ಹಾಕಿಕೊಂಡು ಸಕಲೇಶಪುರಕ್ಕೆ ಹೋಗಿದ್ದ. ಭೂತಮ್ಮ ತಂತಿಗೆ ಅಡ್ಡ ಬರುತ್ತಿದ್ದ ತನ್ನ ಹಲಸಿನ ಮರದ ಬುಡದಲ್ಲಿ ಕುಡುಗೋಲು ಹಿಡಿದು ಕೂತಿದ್ದಳು. ಲೈನ್‌ಮನ್ ಬಂದ ದಾರಿಯಲ್ಲೇ ವಾಪಸು ಹೋದ.

"ಈ ಜನಕ್ಕೆ ಬುದ್ಧಿ ಬರಲ್ಲ ಬುಡು," ಎಂದು ಜವರಪ್ಪ ಹೆಂಡತಿ ಮಾದಮ್ಮನ ಮುಂದೆ ಬೈದು ಸುಮ್ಮನಾದ.

ಆಗ ಕೈಹಾಕಿದವಳು ನಾಗರತ್ನಮ್ಮ. ಊರಲ್ಲಿ ಬಟ್ಟೆ ಹೊಲಿಯುತ್ತಿದ್ದವಳು, ಗಂಡ ತೀರಿಹೋಗಿ ಆರು ವರ್ಷವಾಗಿತ್ತು. ದೀಪಾವಳಿ ಹತ್ತಿರವಿತ್ತು, ರವಿಕೆ ಅಳತೆಗೆಂದು ಹೇಗೂ ಮನೆಮನೆಗೆ ಹೋಗುತ್ತಿದ್ದಳು. ಸಭೆ ಗಿಭೆ ಕರೆಯಲಿಲ್ಲ. ಅಡುಗೆಮನೆಯ ಮಣೆ ಮೇಲೆ ಕೂತು, ಕೊಟ್ಟ ಕಾಫಿ ಕುಡಿದು, "ನಿಮಗೆ ಇದ್ರಲ್ಲಿ ಏನು ತೊಂದ್ರೆ?" ಎಂದು ಕೇಳಿ ಸುಮ್ಮನಿರುತ್ತಿದ್ದಳು. ಕರಿಯಪ್ಪನಿಗೆ ಫೋನಿನ ಮೇಲೆ ಕೋಪವಿರಲಿಲ್ಲ, ಮೆಣಸು ಕೊಯ್ಯುವವರೆಗೆ ಕೊಂಬೆ ಮುಟ್ಟಬಾರದಿತ್ತು ಅಷ್ಟೆ. ಭೂತಮ್ಮನ ಮಗಳು ಆಲೂರಿನಲ್ಲಿ ಹೆತ್ತ ಸುದ್ದಿ ನಾಲ್ಕು ದಿನ ತಡವಾಗಿ ತಲುಪಿತ್ತು. ಅವಳಿಗೆ ಫೋನು ಬೇಕೇ ಬೇಕಿತ್ತು, ಹಲಸಿನ ಮರ ಮಾತ್ರ ಉಳಿಯಬೇಕಿತ್ತು. ನಾಗರತ್ನಮ್ಮ ಲೈನ್‌ಮನ್‌ನನ್ನು ಕರೆಸಿ ಹಲಸನ್ನು ಬಿಟ್ಟು ತಂತಿ ತಿರುಗಿಸಲು ಒಪ್ಪಿಸಿದಳು. ತಿರುಗಿದ ತಂತಿ ಪಕ್ಕದವರ ತೋಟದ ಮೂಲೆಗೆ ಬಂತು. ಅವರ ಮನೆಯಲ್ಲಿ ಮತ್ತೆ ಎರಡು ದಿನ ಕೂತಳು.

ಜವರಪ್ಪ ಜಗಲಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದ. ಮೊದಲು ನಗು ಬಂತು. ಆಮೇಲೆ ತನ್ನ ಜಗಲಿ ದಾಟಿ ಹೋದ ಕರಿಯಪ್ಪ ಎದುರಿಗಿದ್ದ ಅವಳ ಮನೆ ಮುಂದೆ ಚಪ್ಪಲಿ ಬಿಡುವುದು ಕಂಡಿತು. ಮಾರನೆ ದಿನ ಇನ್ನಿಬ್ಬರು. ಯಾರ ಚಪ್ಪಲಿ ಎಷ್ಟು ಹೊತ್ತು ಅಲ್ಲಿತ್ತೆಂದು ಅವನು ಗಮನವಿಡತೊಡಗಿದ. ಅವಳ ಹೊಲಿಗೆ ಮಿಷನ್ನಿನ ಸದ್ದು ನಿಂತರೆ, ಯಾರೋ ಬಂದಿದ್ದಾರೆಂದು ಕೈಯಲ್ಲಿದ್ದ ಕೆಲಸ ಬಿಟ್ಟು ಇಣುಕುತ್ತಿದ್ದ.

"ಇನ್ನು ಮೇಲೆ ನಿನ್ನ ರವಿಕೆ ಬಾಳ್ಳುಪೇಟೆಗೆ ಕೊಡು," ಎಂದ ಮಾದಮ್ಮನಿಗೆ.

"ಬಾಳ್ಳುಪೇಟೆಯೋನು ತೋಳು ಬಿಗಿ ಮಾಡ್ತನೆ," ಎಂದಳು ಅವಳು. "ಅವಳ ಕಂಡ್ರೆ ನಿಮಗ್ಯಾಕೆ ಉರಿ? ಊರ ಕೆಲ್ಸ ತಾನೆ ಮಾಡ್ತಿರದು?"

ಅವನು ಎದ್ದು ತೋಟಕ್ಕೆ ಹೋದ.

ಎಂಟನೆಯ ರುಜು ಬಿತ್ತೆಂದು ಕೇಳಿದ ಸಂಜೆ ಅವನು ಕೆಂಚಯ್ಯನ ಮನೆಗೆ ನಡೆದ. ಉಳಿದಿದ್ದವನು ಕೆಂಚಯ್ಯನೊಬ್ಬನೇ. ಅವನ ತೋಟದ ಏರಿನಲ್ಲಿ ಮೂರು ಕಂಬ ನಿಲ್ಲಬೇಕಿತ್ತು. ಹವೆ, ಕಾಫಿ ಹಣ್ಣು ಎಲ್ಲ ಮಾತಾಡಿ ಹೊರಡುವಾಗ ಜವರಪ್ಪ ತಣ್ಣಗೆ ಹೇಳಿದ: "ನೋಡ್ಕೊಂಡು ರುಜು ಹಾಕು ಮಾರಾಯ. ಕಂಬ ನಿಂತ ಜಾಗ ಸರ್ಕಾರದ್ದಾಗೋಯ್ತದಂತೆ."

ಅಂಥ ಕಾನೂನು ಇಲ್ಲವೆಂದು ಅವನಿಗೆ ಗೊತ್ತಿತ್ತು. ಮನೆಗೆ ಬಂದು ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡ.

ನಾಗರತ್ನಮ್ಮ ಕೆಂಚಯ್ಯನ ಮನೆಗೆ ಮೂರು ಸಲ ಹೋಗಿ ಬರಿಗೈಯಲ್ಲಿ ಬಂದಳು. ಮೂರನೆಯ ಸಲ ಅವಳು ತಲೆ ತಗ್ಗಿಸಿಕೊಂಡು ಬರುವುದನ್ನು ಜವರಪ್ಪ ಜಗಲಿಯಲ್ಲಿ ಕೂತೇ ಬೇಲಿಯ ಸಂದಿಯಿಂದ ನೋಡಿದ. ಆದರೆ ಅವಳು ತನ್ನ ಮನೆಯ ಕಡೆ ತಿರುಗದೆ ನೇರ ಅವನ ಜಗಲಿಗೇ ಬಂದಳು.

"ಜವರಣ್ಣ, ಕೆಂಚಣ್ಣಂಗೆ ಯಾರೋ ಜಾಗ ಹೋಯ್ತದೆ ಅಂತ ಹೇಳವ್ರೆ. ಯಾರು ಅಂತ ನಾನು ಕೇಳಕ್ಕೆ ಹೋಗ್ಲಿಲ್ಲ," ಎಂದಳು. "ನಾನು ಹೇಳಿದ್ರೆ ಅವ್ರು ನಂಬಲ್ಲ. ನೀವು ಹೇಳಿದ್ರೆ ನಂಬ್ತರೆ."

ಜವರಪ್ಪ ಅಡಿಕೆ ಕತ್ತರಿಸುತ್ತಲೇ ಇದ್ದ. "ಎಂಟು ಜನನ್ನ ಒಪ್ಸ್ದೋಳಿಗೆ ನಾನ್ಯಾಕೆ?"

ಅವಳು ಚೀಲದಿಂದ ಹಾಳೆ ತೆಗೆದು ಅವನ ಮುಂದೆ ಹಾಸಿದಳು. ಎಂಟು ರುಜು, ಎರಡು ಹೆಬ್ಬೆಟ್ಟು ಸೇರಿ. ಎಲ್ಲಕ್ಕಿಂತ ಮೇಲಿನ ಸಾಲು ಖಾಲಿಯಿತ್ತು.

"ನಿಮ್ಮ ತೋಟದಲ್ಲಿ ಕಂಬ ಬರಲ್ಲ, ಗೊತ್ತೈತೆ. ಆದ್ರೂ ಊರಿನ ಪರವಾಗಿ ಮೊದಲನೇ ರುಜು ನಿಮ್ಮದೇ ಇರ್ಬೇಕು ಅಂತ ಎಲ್ರೂ ಅಂದ್ರು. ಅದಕ್ಕೇ ಬಿಟ್ಟಿದೀನಿ."

ಅವನ ಎದೆ ಉಬ್ಬಿತು. ಪೆನ್ನು ತೆಗೆದುಕೊಂಡು ದಪ್ಪಕ್ಷರದಲ್ಲಿ ಹೆಸರು ಬರೆದ. ಬರೆದು ಮುಗಿಸಿ ತಲೆಯೆತ್ತಿದಾಗ ಅವಳು ಶಾಂತವಾಗಿ ಅವನನ್ನೇ ನೋಡುತ್ತಿದ್ದಳು. ಕರಿಯಪ್ಪನಿಗೆ ಮೆಣಸು, ಭೂತಮ್ಮನಿಗೆ ಹಲಸು, ತನಗೆ ಈ ಸಾಲು. ಅದು ಹೊಳೆದೊಡನೆ ಅವನ ಮುಖ ಬಿಸಿಯಾಯಿತು. ಹಾಳೆ ಹರಿಯಬೇಕೆನಿಸಿತು. ಆದರೆ ಅದರ ಮೇಲೆ ಈಗ ಅವನದೇ ಹೆಸರಿತ್ತು.

ಜವರಪ್ಪ ಹಾಳೆ ಹಿಡಿದು ಹೋದರೆ, ಕೆಂಚಯ್ಯ ಸುಲಭಕ್ಕೆ ಬಿಡಲಿಲ್ಲ. "ನೀನೇ ತಾನೆ ಜಾಗ ಹೋಯ್ತದೆ ಅಂದಿದ್ದು?"

"ತಪ್ಪು ತಿಳ್ಕಂಡಿದ್ದೆ ಕಣೋ," ಎಂದ ಜವರಪ್ಪ. ಐವತ್ತನಾಲ್ಕು ವರ್ಷಕ್ಕೆ ಆ ಮಾತು ಅವನ ಬಾಯಿಂದ ಹೊರಟಿದ್ದು ಅದೇ ಮೊದಲು. ಕೆಂಚಯ್ಯ ಅವನನ್ನು ಒಂದು ಗಳಿಗೆ ದಿಟ್ಟಿಸಿ ರುಜು ಹಾಕಿದ.

ಮೆಣಸಿನ ಕೊಯ್ಲು ಮುಗಿದ ಮೇಲೆ ತಂತಿ ಬಂತು. ಸಾರ್ವಜನಿಕ ಫೋನನ್ನು ನಾಗರತ್ನಮ್ಮನ ಮನೆಯಲ್ಲಿಡುವುದೆಂದು ಊರವರೇ ತೀರ್ಮಾನಿಸಿದರು. ಜವರಪ್ಪನ ಮಗಳು ಆಶಾಳನ್ನು ಆನೇಮಹಲಿಗೆ ಕೊಟ್ಟಿತ್ತು. ಅವಳ ಜೊತೆ ಮಾತಾಡಬೇಕೆಂದರೆ ಅವನು ಎದುರಿಗೇ ಇದ್ದ ಫೋನು ಬಿಟ್ಟು ಮೂರು ಮೈಲಿ ನಡೆದು ಯಸಳೂರಿಗೆ ಹೋಗುತ್ತಿದ್ದ. "ಅಲ್ಲಿ ಸರಿಯಾಗಿ ಕೇಳ್ತದೆ," ಎನ್ನುತ್ತಿದ್ದ. ಮಾದಮ್ಮ ಮಾತ್ರ ಎದುರುಮನೆಯಲ್ಲಿ ಕೂತು ಮಗಳೊಂದಿಗೆ ಅರ್ಧ ಗಂಟೆ ಹರಟಿ ಬರುತ್ತಿದ್ದಳು.

ಎರಡು ಸಾವಿರದ ಮೂರರಲ್ಲಿ ಕರಿಯಪ್ಪನ ಮಕ್ಕಳಿಬ್ಬರು ಕಾಫಿ ಒಣಗಿಸುವ ಕಣಕ್ಕಾಗಿ ಜಗಳವಾಡಿದರು. ನಾಗರತ್ನಮ್ಮ ಊರಲ್ಲಿರಲಿಲ್ಲ, ನೆಂಟರ ಮದುವೆಗೆ ಹೋಗಿದ್ದಳು. ಹಾಗಾಗಿ ಜವರಪ್ಪನನ್ನು ಕರೆದರು. ಅವನು ಹೋದ. ಎದುರುಬದುರು ಕೂರಿಸಲು ಬಾಯಿ ತೆರೆದವನು ಯಾಕೋ ತಡೆದು, ಮೊದಲು ದೊಡ್ಡವನ ಮನೆಗೆ, ಆಮೇಲೆ ಚಿಕ್ಕವನ ಮನೆಗೆ ಬೇರೆಬೇರೆಯಾಗಿ ಹೋಗಿ ಕೂತ. ಏನು ತೊಂದರೆ ಎಂದು ಕೇಳಿದ. ಕೇಳಿ ಸುಮ್ಮನಿದ್ದ. ಸುಮ್ಮನಿರುವುದು ಬೈಯುವುದಕ್ಕಿಂತ ಕಷ್ಟವಾಯಿತು. ದೊಡ್ಡವನಿಗೆ ಮೊದಲ ಕೊಯ್ಲಿಗೆ ಕಣ ಬೇಕಿತ್ತು, ಚಿಕ್ಕವನ ಹಣ್ಣು ತಡವಾಗಿ ಬರುತ್ತಿತ್ತು. ಮೂರು ದಿನ ಹಿಡಿಯಿತು, ಆದರೆ ಇಬ್ಬರೂ ನಿಜವಾಗಿ ಒಪ್ಪಿದರು.

ಕರಿಯಪ್ಪ ಖುಷಿಯಿಂದ ಅವನಿಗೆ ಕಾಫಿ ಕೊಟ್ಟ.

"ಚೆನ್ನಾಗ್ ಬಗೆಹರಿಸ್ಬುಟ್ಟೆ ಕಣಣ್ಣ," ಎಂದ. "ಥೇಟ್ ನಾಗರತ್ನಮ್ಮ ಮಾಡ್ದಂಗೇ ಮಾಡ್ದೆ."

ಜವರಪ್ಪ ಅರ್ಧ ಕುಡಿದಿದ್ದ ಲೋಟವನ್ನು ಜಗಲಿಯ ಮೇಲಿಟ್ಟು, ತೋಟದಲ್ಲಿ ಕೆಲಸವಿದೆಯೆಂದು ಹೇಳಿ ಹೊರಟ.